ಎರರ್ ಓದಿದವರಿಗೂ ಮಾರ್ಕ್ಸ್ ಬೇಕು

ಫಸ್ಟ್ ಇಯರ್ ಸಿ ಲ್ಯಾಬ್‌ನಲ್ಲಿ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ ಒಂದೇ: “ಔಟ್‌ಪುಟ್ ಬಂತಾ?” ಬಂದರೆ ರೆಕಾರ್ಡ್‌ಗೆ ಸೈನ್ ಬೀಳುತ್ತೆ. ಬರದಿದ್ದರೆ ಪಕ್ಕದವರ ಸ್ಕ್ರೀನ್ ನೋಡಿ ಹೇಗೋ ಬರಿಸಿಕೊಳ್ಳಬೇಕು. ಯಾಕೆ ಬರಲಿಲ್ಲ ಅಂತ ಕೇಳೋಕೆ ಟೈಮೂ ಇಲ್ಲ, ಹೇಳಿದವರಿಗೆ ಮಾರ್ಕ್ಸೂ ಇಲ್ಲ. ಹಾಗಾಗಿ ಎಕ್ಸಾಮ್‌ಗೆ ಒಂದು ವಾರ ಇದೆ ಅನ್ನುವಾಗ ಬೈನರಿ ಸರ್ಚ್, ಬಬಲ್ ಸಾರ್ಟ್, ಮ್ಯಾಟ್ರಿಕ್ಸ್ ಗುಣಾಕಾರ ಎಲ್ಲವನ್ನೂ ಮಗ್ಗಿ ಥರ ಬಾಯಿಪಾಠ ಹೊಡೆಯೋದು ಹಾಸ್ಟೆಲ್‌ನಲ್ಲಿ ನಡೆದುಕೊಂಡು ಬಂದ ಪದ್ಧತಿ. ಎಕ್ಸಾಮ್ ದಿನ ಒಂದು ಸೆಮಿಕೋಲನ್ ಜಾರಿತೋ, ಸ್ಕ್ರೀನ್ ತುಂಬ ಎರರ್. ಆ ಎರರ್ ಜೊತೆ ಹೇಗೆ ಮಾತಾಡಬೇಕು ಅಂತ ಯಾವ ಮ್ಯಾನ್ಯುಯಲ್‌ನಲ್ಲೂ ಬರೆದಿರಲ್ಲ.

ನಮ್ಮ ವಾದ ಸಿಂಪಲ್. ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಪ್ರೋಗ್ರಾಂ ಬರೆಯೋ ಪ್ರಶ್ನೆಯ ಜೊತೆಗೆ ಒಂದು ಕೆಟ್ಟುಹೋದ ಪ್ರೋಗ್ರಾಂ ಕೂಡ ಕೊಡಿ. ಇಪ್ಪತ್ತು ಸಾಲು, ಅದರಲ್ಲಿ ಮೂರು ತಪ್ಪು, ಹದಿನೈದು ನಿಮಿಷ ಟೈಮ್. ಏನು ತಪ್ಪಿದೆ, ಕಂಪೈಲರ್ ಏನು ಹೇಳ್ತು, ಯಾಕೆ ಹೇಳ್ತು ಅಂತ ವಿವರಿಸಲಿ. ಇಂಗ್ಲಿಷ್‌ನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ಅದಕ್ಕೆ ಮಾರ್ಕ್ಸ್ ಇಡಿ.

ನಾವು ಸೆಕೆಂಡ್ ಇಯರ್‌ನ ಕೆಲವರು ಈ ಸೆಮಿಸ್ಟರ್ ಸಂಜೆ ಹೊತ್ತು ಜೂನಿಯರ್ಸ್ ಜೊತೆ ಕೂರ್ತಿದ್ದೇವೆ. ಸಂಭಾಷಣೆ ಯಾವಾಗಲೂ ಹೀಗೇ ಇರುತ್ತೆ.

“ಅಣ್ಣಾ, ರನ್ ಆಗ್ತಿಲ್ಲ.”

“ಏನಂತೆ?”

“ಗೊತ್ತಿಲ್ಲಣ್ಣ, ತುಂಬಾ ಎರರ್ ಇದೆ.”

“ಮೊದಲನೇದು ಏನು?”

ಇಲ್ಲಿಗೆ ಮಾತು ನಿಲ್ಲುತ್ತೆ. ಯಾಕಂದ್ರೆ ಟರ್ಮಿನಲ್‌ನಲ್ಲಿ ಕಣ್ಣಿಗೆ ಬೀಳೋದು ಕೊನೆಯ ಎರರ್. ಮೊದಲನೇದು ಮೇಲೆಲ್ಲೋ ಹೋಗಿರುತ್ತೆ. ಆದರೆ ನಿಜವಾದ ಸುದ್ದಿ ಇರೋದು ಅಲ್ಲೇ. ಒಂದು ಡಿಕ್ಲರೇಷನ್ ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿಲ್ಲ ಅಂದ್ಕೊಳ್ಳಿ. ಕಂಪೈಲರ್‌ಗೆ ಅದರ ಕೆಳಗಿನ ಡಿಕ್ಲರೇಷನ್ ಅರ್ಥವಾಗದೆ ಬಿಟ್ಟುಹೋಗುತ್ತೆ. ಆಮೇಲೆ ಆ ವೇರಿಯಬಲ್ ಬಳಸಿದ ಕಡೆ “ಅನ್‌ಡಿಕ್ಲೇರ್ಡ್” ಅಂತ ಹೊಸ ದೂರು. ಮೊದಲ ಎರರ್ ಮದುಮಗ ಇದ್ದಂಗೆ, ಉಳಿದವೆಲ್ಲ ದಿಬ್ಬಣದ ಜೊತೆ ಬಂದ ನೆಂಟರು. ಮೊದಲನೇದನ್ನು ಸರಿಮಾಡಿ, ಮತ್ತೆ ಕಂಪೈಲ್ ಮಾಡಿ, ಉಳಿದಿದ್ದು ಎಷ್ಟು ನೋಡಿ. ಬಹಳ ಸಲ ಅರ್ಧಕ್ಕರ್ಧ ಮಾಯ.

ಇನ್ನೊಂದು ತಕರಾರು: “ಎಂಟನೇ ಸಾಲು ಅಂತ ತೋರಿಸ್ತಿದೆ, ಅಲ್ಲಿ ಏನೂ ತಪ್ಪಿಲ್ವಲ್ಲ?” ತಪ್ಪು ಇರೋದು ಏಳನೇ ಸಾಲಿನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಗೆ ಕಾಣುತ್ತೆ, ಆದರೆ ಕಂಪೈಲರ್‌ದು ಇಲ್ಲಿ ತಪ್ಪಿಲ್ಲ. ಸಿ ಭಾಷೆಗೆ ಸಾಲು ಮುಗಿಯೋದು ಎಂಟರ್ ಒತ್ತಿದಾಗಲ್ಲ, ಸೆಮಿಕೋಲನ್ ಸಿಕ್ಕಾಗ. ಏಳನೇ ಸಾಲಲ್ಲಿ ಅದು ಸಿಗದಿದ್ದರೆ ಎಂಟನೇ ಸಾಲೂ ಅದರ ಮುಂದುವರಿಕೆ ಅಂತಲೇ ಓದಿಕೊಂಡು ಹೋಗುತ್ತೆ. ಅಲ್ಲಿನ ಮೊದಲ ಪದ ಹೊಂದದೇ ಇದ್ದಾಗ ಮಾತ್ರ “ಇದಕ್ಕೆ ಮುಂಚೆ ಏನೋ ಬೇಕಿತ್ತು” ಅನ್ನುತ್ತೆ. “ಎಕ್ಸ್‌ಪೆಕ್ಟೆಡ್ ಸೆಮಿಕೋಲನ್ ಬಿಫೋರ್ ರಿಟರ್ನ್” ಅನ್ನೋದರಲ್ಲಿ ಮುಖ್ಯವಾದ ಪದ ಆ “ಬಿಫೋರ್”. ಮುಚ್ಚುವ ಬ್ರೇಸ್ ಬಿಟ್ಟುಹೋದರಂತೂ ದೂರು ಬರೋದು ಫೈಲ್‌ನ ಕಟ್ಟಕಡೆಯ ಸಾಲಿನಲ್ಲಿ, ಪಾಪ, ಅದು ಅಲ್ಲೀತನಕ ಕಾಯ್ತಿರುತ್ತೆ.

ಎಲ್ಲ ಎರರ್‌ಗಳೂ ಒಂದೇ ಕಡೆಯಿಂದ ಬರಲ್ಲ ಅನ್ನೋದನ್ನೂ ಯಾರೂ ಬಿಡಿಸಿ ಹೇಳಲ್ಲ. ವರ್ಗಮೂಲದ ಪ್ರೋಗ್ರಾಂ ತಗೊಳ್ಳಿ. ಮ್ಯಾಥ್ ಹೆಡರ್ ಹಾಕಿದ್ದೀವಿ, ಸ್ಪೆಲ್ಲಿಂಗ್ ಸರಿ ಇದೆ, ಆದರೂ ಲಿನಕ್ಸ್‌ನಲ್ಲಿ “ಅನ್‌ಡಿಫೈನ್ಡ್ ರೆಫರೆನ್ಸ್” ಅಂತ ಬರುತ್ತೆ. ಇದನ್ನು ಹೇಳ್ತಿರೋದು ಕಂಪೈಲರ್ ಅಲ್ಲ, ಅದರ ನಂತರ ಬರೋ ಲಿಂಕರ್. ಹೆಡರ್ ಅಂದ್ರೆ ದರ್ಶಿನಿ ಗೋಡೆ ಮೇಲಿನ ಬೋರ್ಡ್. ಸೆಟ್ ದೋಸೆ ಅಂತ ಬೋರ್ಡ್‌ನಲ್ಲಿ ಬರೆದ ಮಾತ್ರಕ್ಕೆ ತಟ್ಟೆಗೆ ದೋಸೆ ಬರಲ್ಲ, ಅಡುಗೆಮನೆ ತೆರೆದಿರಬೇಕು. ಆ ಅಡುಗೆಮನೆಯೇ ಲೈಬ್ರರಿ. ಕಂಪೈಲ್ ಮಾಡುವಾಗ ಫೈಲ್ ಹೆಸರಿನ ನಂತರ ‘ಡ್ಯಾಶ್ ಎಲ್ ಎಂ’ ಅಂತ ಸೇರಿಸಿದರೆ ತೆರೆಯುತ್ತೆ. ಇದು ಗೊತ್ತಿಲ್ಲದೆ ಅರ್ಧ ಗಂಟೆ ಕೋಡ್‌ನಲ್ಲೇ ತಪ್ಪು ಹುಡುಕುವವರನ್ನು ನೋಡಿದ್ದೇವೆ. ಕೋಡ್‌ನಲ್ಲಿ ತಪ್ಪೇ ಇರಲ್ಲ! ಮೈನ್ ಅನ್ನೋದರ ಸ್ಪೆಲ್ಲಿಂಗ್ ತಪ್ಪಿದಾಗ ಬರೋದೂ ಇದೇ ಜಾತಿಯ ಎರರ್.

ಇನ್ನು ವಾರ್ನಿಂಗ್ ವಿಷಯ. “ವಾರ್ನಿಂಗ್ ತಾನೇ, ರನ್ ಆಗುತ್ತೆ ಬಿಡು ಮಗಾ” ಅನ್ನೋದು ನಮ್ಮ ಲ್ಯಾಬ್‌ಗಳ ರಾಷ್ಟ್ರಗೀತೆ. ನಮ್ಮ ಪ್ರಕಾರ ಎರರ್‌ಗಿಂತ ವಾರ್ನಿಂಗೇ ಹೆಚ್ಚು ಉಪಕಾರಿ. ಎರರ್ ಇದ್ದರೆ ಪ್ರೋಗ್ರಾಂ ಮುಂದೆ ಹೋಗೋದೇ ಇಲ್ಲ, ಕಥೆ ಅಲ್ಲಿಗೆ ಮುಗೀತು. ವಾರ್ನಿಂಗ್ ಇದ್ದರೆ ಅದು ಓಡಿ, ತಪ್ಪು ಉತ್ತರ ಕೊಟ್ಟು, ನಮ್ಮನ್ನು ನಗಿಸುತ್ತೆ. ಇಫ್ ಒಳಗೆ ‘ಎ == 5’ ಬದಲು ‘ಎ = 5’ ಅಂತ ಬರೆದರೆ ಎ ಏನೇ ಇರಲಿ ಅದು 5 ಆಗಿಬಿಡುತ್ತೆ, ಷರತ್ತು ಯಾವಾಗಲೂ ನಿಜ. ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟರೆ ವೇರಿಯಬಲ್‌ನ ವಿಳಾಸದ ಬದಲು ಅದರಲ್ಲಿರೋ ಕಸವನ್ನೇ ವಿಳಾಸ ಅಂತ ತಿಳಿದು ಅಲ್ಲಿಗೆ ಬರೆಯೋಕೆ ಹೋಗುತ್ತೆ, ಸೆಗ್ಮೆಂಟೇಷನ್ ಫಾಲ್ಟ್. ಈ ಎರಡನ್ನೂ ಜಿಸಿಸಿ ಮೊದಲೇ ಹೇಳುತ್ತೆ, ಆದರೆ ಕೇಳಿದರೆ ಮಾತ್ರ. ಕೇಳೋ ವಿಧಾನ ‘ಡ್ಯಾಶ್ ಡಬ್ಲ್ಯೂ ಆಲ್’. ಡಬ್ಲ್ಯೂ ಕ್ಯಾಪಿಟಲ್, ಮಧ್ಯೆ ಸ್ಪೇಸ್ ಬೇಡ. ಲ್ಯಾಬ್‌ನ ಬೋರ್ಡ್ ಮೇಲೆ ಬರೆಯೋ ಕಂಪೈಲ್ ಕಮಾಂಡ್‌ನಲ್ಲಿ ಇದೊಂದು ಸೇರಿಸಿದರೆ ಅರ್ಧ ಸೀನಿಯರ್‌ಗಳಿಗೆ ಕೆಲಸ ಇರಲ್ಲ.

ಕಂಪೈಲರ್ ಬಾಯೇ ಬಿಡದ ತಪ್ಪುಗಳೂ ಇವೆ. ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬದಲಾಯಿಸುವಾಗ 5/9 ಅಂತ ಮೊದಲು ಬರೆದರೆ ಎರಡೂ ಪೂರ್ಣಾಂಕ, ಭಾಗಲಬ್ಧ 0. ಬಳ್ಳಾರಿಯ ಮೇ ತಿಂಗಳೂ ಸೊನ್ನೆ ಡಿಗ್ರಿ. 5.0/9 ಅಂದರೆ ಸರಿಹೋಗುತ್ತೆ. ಇನ್ನೊಂದು, ಸಂಖ್ಯೆ ಓದಿದ ಮೇಲೆ ಅಕ್ಷರ ಓದೋಕೆ ಹೋದರೆ ಪ್ರೋಗ್ರಾಂ ನಮಗಾಗಿ ಕಾಯದೆ ಮುಂದೆ ಓಡೋದು. ಸಂಖ್ಯೆ ಟೈಪ್ ಮಾಡಿ ನಾವು ಒತ್ತಿದ ಎಂಟರ್ ಇನ್‌ಪುಟ್‌ನಲ್ಲೇ ಕೂತಿರುತ್ತೆ, ಅದನ್ನೇ ಅಕ್ಷರ ಅಂತ ಎತ್ತಿಕೊಳ್ಳುತ್ತೆ. ಇದಕ್ಕೆ ಸೀನಿಯರ್‌ಗಳಿಂದ ಸೀನಿಯರ್‌ಗಳಿಗೆ ದಾಟಿ ಬಂದ ಔಷಧಿ ಒಂದಿದೆ, ಎಸ್‌ಟಿಡಿಇನ್ ಅನ್ನು ಫ್ಲಶ್ ಮಾಡೋದು. ದಯವಿಟ್ಟು ಅದನ್ನು ಬಿಡಿ. ಸಿ ಸ್ಟ್ಯಾಂಡರ್ಡ್‌ನಲ್ಲಿ ಫ್ಲಶ್ ಇರೋದು ಔಟ್‌ಪುಟ್‌ಗೆ. ವಿಂಡೋಸ್‌ನ ಕೆಲವು ಕಂಪೈಲರ್‌ಗಳಲ್ಲಿ ನಡೆದರೂ ಲಿನಕ್ಸ್‌ನಲ್ಲಿ ಕೈ ಕೊಡುತ್ತೆ. ಸ್ಕ್ಯಾನ್‌ಎಫ್‌ನ ಕೋಟ್ಸ್ ಒಳಗೆ, ಪರ್ಸೆಂಟ್ ಸಿ ಮುಂಚೆ ಒಂದು ಸ್ಪೇಸ್ ಬಿಡಿ, ಸಾಕು.

ಆದರೆ ನಮಗೆ ಅತಿ ಇಷ್ಟವಾದ ಉದಾಹರಣೆ ಫ್ಯಾಕ್ಟೋರಿಯಲ್. ಇನ್ನೂ ಎಷ್ಟೋ ಕಡೆ ನೀಲಿ ಸ್ಕ್ರೀನ್‌ನ ಟರ್ಬೋ ಸಿ ಬಳಕೆಯಲ್ಲಿದೆ, ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚಿನ ಡಾಸ್ ಕಾಲದ್ದು. ಅದರಲ್ಲಿ ಇಂಟ್ ಅಂದ್ರೆ 16 ಬಿಟ್, ಹೆಚ್ಚೆಂದರೆ 32767. 7ರ ಫ್ಯಾಕ್ಟೋರಿಯಲ್ 5040, ಸರಿಯಾಗಿ ಬರುತ್ತೆ. 8ರದ್ದು 40320 ಬರಬೇಕು, ಬರೋದು ಮೈನಸ್ 25216. ಅದನ್ನು ನೋಡಿದ ಯಾರಿಗಾದರೂ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತೆ. ಈಗಿನ ಜಿಸಿಸಿಯಲ್ಲಿ ಇಂಟ್ 32 ಬಿಟ್. 12ರವರೆಗೆ ಸರಿ. 13ರ ಫ್ಯಾಕ್ಟೋರಿಯಲ್ 6227020800. ನಮಗೆ ಸಿಗೋದು ಸಾಮಾನ್ಯವಾಗಿ 1932053504. ಮೈನಸ್ ಇಲ್ಲ, ದೊಡ್ಡದಾಗಿದೆ, ನೋಡೋಕೆ ಥೇಟ್ ಉತ್ತರದ ಹಾಗೇ ಇದೆ. “ಔಟ್‌ಪುಟ್ ಬಂತಾ?” ಬಂತು ಸರ್. ಸೈನ್ ಕೂಡ ಬಿತ್ತು.

ಔಟ್‌ಪುಟ್ ಬಂದರೆ ಸಾಕು ಅನ್ನೋ ಅಭ್ಯಾಸ ಲ್ಯಾಬ್‌ನಲ್ಲಿ ನಗೆ ತರಿಸುತ್ತೆ, ಹೊರಗೆ ಹಾಗಲ್ಲ. ಸ್ಟ್ರಿಂಗ್ ಓದೋಕೆ ಗೆಟ್ಸ್ ಬಳಸೋ ಪ್ರೋಗ್ರಾಂಗಳು ಹಳೇ ರೆಕಾರ್ಡ್‌ಗಳ ತುಂಬ ಇವೆ. ನಾವು ಕೊಟ್ಟ ಅರೇ ಎಷ್ಟು ದೊಡ್ಡದು ಅಂತ ಆ ಫಂಕ್ಷನ್ ಕೇಳೋದೇ ಇಲ್ಲ, ಟೈಪ್ ಮಾಡಿದಷ್ಟನ್ನೂ ತುಂಬುತ್ತಾ ಹೋಗುತ್ತೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಸಾವಿರಾರು ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಕೆಲವು ದಾರಿಗಳಿಂದ, ಅದರಲ್ಲಿ ಒಂದು ದಾರಿ ಇದೇ ಗೆಟ್ಸ್. 2011ರ ಸ್ಟ್ಯಾಂಡರ್ಡ್‌ನಲ್ಲಿ ಈ ಫಂಕ್ಷನ್ ಅನ್ನು ಭಾಷೆಯಿಂದಲೇ ತೆಗೆದುಹಾಕಿದರು. ಎಫ್‌ಗೆಟ್ಸ್ ಕಲಿಯಿರಿ, ಅದು ಅಳತೆ ಕೇಳುತ್ತೆ.

ಕನ್ನಡದಲ್ಲಿ ವಿವರಿಸೋಕೆ ಬಿಡಿ ಅಂತ ಯಾಕೆ ಕೇಳ್ತಿದ್ದೀವಿ ಅಂದ್ರೆ, ಕನ್ನಡ ಮೀಡಿಯಂನಿಂದ ಬಂದ ಜೂನಿಯರ್ಸ್ ಎರರ್ ಅರ್ಥವಾಗದಿದ್ದಾಗ ತಮ್ಮ ಇಂಗ್ಲಿಷನ್ನೇ ಬೈದುಕೊಳ್ತಾರೆ. “ನನ್ ಇಂಗ್ಲಿಷ್ ವೀಕ್ ಅಣ್ಣಾ, ಅದಕ್ಕೇ ಸಿ ಬರಲ್ಲ.” ಇದು ಶುದ್ಧ ಸುಳ್ಳು. ನಮ್ಮಲ್ಲಿ ಹಲವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. “ಎಲ್‌ವ್ಯಾಲ್ಯೂ ರಿಕ್ವೈರ್ಡ್ ಆ್ಯಸ್ ಲೆಫ್ಟ್ ಆಪರೆಂಡ್ ಆಫ್ ಅಸೈನ್‌ಮೆಂಟ್” ಅಂತ ಬಂದಾಗ ಆ ಇಂಗ್ಲಿಷ್ ಯಾವ ಉಪಯೋಗಕ್ಕೂ ಬರಲ್ಲ. ಅದೇ “ಈಕ್ವಲ್ ಟು ಎಡಗಡೆ ಬೆಲೆ ತುಂಬೋಕೆ ಒಂದು ಡಬ್ಬಿ ಬೇಕು, ನೀನು ‘ಎ + ಬಿ = ಸಿ’ ಅಂತ ಬರೆದು ಡಬ್ಬಿ ಇರೋ ಕಡೆ ಲೆಕ್ಕ ಇಟ್ಟಿದ್ದೀಯ” ಅಂದರೆ ಇಬ್ಬರಿಗೂ ಒಂದೇ ಸಲ ತಲೆಗೆ ಹೋಗುತ್ತೆ. ಸೆಗ್ಮೆಂಟೇಷನ್ ಫಾಲ್ಟ್ ಅಂದ್ರೆ “ನಿನ್ನದಲ್ಲದ ಜಾಗಕ್ಕೆ ಕೈ ಹಾಕಿದ್ದೀಯ”. ಅಷ್ಟೇ. ಪದಗಳು ಇಂಗ್ಲಿಷ್‌ನಲ್ಲೇ ಇರಲಿ, ತೊಂದರೆಯಿಲ್ಲ, ತಿಳುವಳಿಕೆಗೆ ಮೀಡಿಯಂ ಇಲ್ಲ. ವೈವಾದಲ್ಲಿ ತಡವರಿಸೋ ಇಂಗ್ಲಿಷ್‌ನಿಂದ ಮಾರ್ಕ್ಸ್ ಕಳೆದುಕೊಳ್ಳೋ ಹುಡುಗಿ ಅದೇ ಪ್ರೋಗ್ರಾಂನ ತಪ್ಪನ್ನು ಕನ್ನಡದಲ್ಲಿ ಎರಡು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲಳು.

ಸರ್‌ಗಳು ಏನು ಹೇಳ್ತಾರೆ ಗೊತ್ತು: ಬ್ಯಾಚ್ ದೊಡ್ಡದು, ಲ್ಯಾಬ್ ಟೈಮ್ ಕಮ್ಮಿ. ನ್ಯಾಯವಾದ ಮಾತು. ಆದರೆ ಕೆಟ್ಟ ಪ್ರೋಗ್ರಾಂ ತಯಾರಿಸೋದು ಕಷ್ಟವಲ್ಲ, ಮ್ಯಾನ್ಯುಯಲ್‌ನಲ್ಲಿರೋ ಒಳ್ಳೇದರಲ್ಲಿ ಮೂರು ಕಡೆ ಕೈಯಾಡಿಸಿದರೆ ಆಯ್ತು. ಬೇಕಿದ್ದರೆ ನಮಗೆ ಹೇಳಿ, ಕೆಡಿಸೋದರಲ್ಲಿ ನಮಗೆ ಅನುಭವ ಸಾಕಷ್ಟಿದೆ. ತಿದ್ದೋದೂ ಸುಲಭ, ಮೂರು ತಪ್ಪು ಸಿಕ್ಕಿದೆಯೋ ಇಲ್ಲವೋ ಅಷ್ಟೇ ನೋಡೋದು.

ಗೆಳೆಯರ ಆಕ್ಷೇಪ ಬೇರೆ: “ಎರರ್ ಕಾಪಿ ಮಾಡಿ ಎಐಗೆ ಹಾಕಿದ್ರೆ ಸರಿ ಮಾಡ್ಕೊಡುತ್ತಲ್ಲ, ಯಾಕೆ ಈ ತಲೆನೋವು?” ಮಾಡ್ಕೊಡುತ್ತೆ, ನಾವೂ ಬಳಸ್ತೀವಿ. ಆದರೆ 13ರ ಫ್ಯಾಕ್ಟೋರಿಯಲ್‌ಗೆ ಕಾಪಿ ಮಾಡೋಕೆ ಎರರ್ ಎಲ್ಲಿದೆ? ಅನುಮಾನ ಬರಬೇಕಾದದ್ದು ನಮಗೆ.

ಕೊನೆಗೆ ಈ ಸಂಚಿಕೆಗೆ ಅಂತಲೇ ಒಂದು ಕೆಟ್ಟ ಪ್ರೋಗ್ರಾಂ. ಲ್ಯಾಬ್‌ನ ಪ್ಯಾಲಿಂಡ್ರೋಮ್ ಪ್ರೋಗ್ರಾಂ ಎಲ್ಲರ ಹತ್ತಿರ ಇದೆ, ಅದಕ್ಕೆ ‘ವಿಕಟಕವಿ’ ಅಂತ ಕನ್ನಡದಲ್ಲೇ ಕೊಡಿ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, “ಪ್ಯಾಲಿಂಡ್ರೋಮ್ ಅಲ್ಲ” ಅನ್ನುತ್ತೆ. ತೆನಾಲಿ ರಾಮನಿಗೇ ಅವಮಾನ. ಉದ್ದ ಕೇಳಿದರೆ 21 ಅನ್ನುತ್ತೆ, ನಮ್ಮ ಕಣ್ಣಿಗೆ ಕಾಣೋದು ಐದೇ ಅಕ್ಷರ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ‘ವಿ’ಯಲ್ಲಿ ‘ವ’ ಬೇರೆ, ಗುಡಿಸು ಬೇರೆ, ಹಾಗಾಗಿ ಒಟ್ಟು ಏಳು ಚಿಹ್ನೆ. ಸಿ ಭಾಷೆಯ ಕ್ಯಾರ್ ಮಾತ್ರ ಒಂದೊಂದೇ ಬೈಟ್ ಎಣಿಸುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ತಪ್ಪಿಸಿಕೊಳ್ಳೋಣ ಅಂದ್ಕೊಂಡರೆ ಅಲ್ಲೂ ಆಗಲ್ಲ, ಮೊದಲ ಅಕ್ಷರ ವಿ, ಕೊನೆಯದು ಐ. ಬೈಟ್‌ಗಳನ್ನು ಮೊದಲು ಅಕ್ಷರಗಳಾಗಿ ಗುಂಪು ಮಾಡಿ, ಆಮೇಲೆ ಹೋಲಿಸಬೇಕು. ಒತ್ತಕ್ಷರ ಬಂದರೆ ಇನ್ನೂ ಮಜಾ. ಬರೆದವರು ಕನ್ನಡ ಸಂಘದ ಗ್ರೂಪ್‌ಗೆ ಹಾಕಿ, ಜೊತೆಗೆ ದಾರಿಯಲ್ಲಿ ಸಿಕ್ಕ ಮೊದಲ ಎರರ್ ಏನು ಅಂತಲೂ ಬರೆಯಿರಿ.