ಸಜ್ಜನ ಅಂದ್ರೆ ಸಕ್ಸೆಸ್ ಆದ ಜನ ಅಲ್ಲ ಸ್ವಾಮಿ

ನಮ್ಮ ಆಫೀಸಿನವರು ಆಗಾಗ ವ್ಯಕ್ತಿತ್ವ ವಿಕಸನದ ಮಹಾಶಯರೊಬ್ಬರನ್ನು ಕರೆಸಿ ಇಡೀ ದಿನ ಭಾಷಣ ಕೇಳಿಸ್ತಾರೆ. (ಊಟ ಚೆನ್ನಾಗಿರುತ್ತೆ, ಹಾಗಾಗಿ ಯಾರೂ ತಕರಾರು ಮಾಡಲ್ಲ.) ಈ ಸಲ ಬಂದವರು ಎಲ್ಲರಿಗೂ ಒಂದೊಂದು ಹಾಳೆ ಹಂಚಿ, "ನಿಮ್ಮ ಐದು ಜನ ಆಪ್ತರ ಹೆಸರು ಬರೀರಿ, ನಿಮಗಿಂತ ಹಿಂದೆ ಇರೋರ ಹೆಸರಿಗೆ ಗೀಟು ಎಳೀರಿ" ಅಂದ್ರು. ನಾವು ಒಡನಾಡೋ ಐದು ಜನರ ಸರಾಸರಿಯೇ ನಾವು ಅನ್ನೋದು ಅಮೆರಿಕದ ಜಿಮ್ ರಾನ್ ಹೆಸರಲ್ಲಿ ಓಡಾಡುವ ಮಾತು. ಈಗ ಅದು ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರಗಳ ಮೇಲೂ ಬಂದು ಕೂತಿದೆ.

ಸಹವಾಸದಿಂದ ಮನುಷ್ಯ ಬೆಳೀತಾನೆ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಸಜ್ಜನರ ಸಂಗದ ಬಗ್ಗೆ ಸರ್ವಜ್ಞ ಹೇಳಿದ್ದನ್ನ ಪ್ರೈಮರಿ ಶಾಲೆಯಲ್ಲೇ ಬಾಯಿಪಾಠ ಮಾಡಿದೀವಿ. ಆದ್ರೆ ಅವನು ಸಜ್ಜನ ಅಂದನೇ ಹೊರತು ಸಂಬಳ ಜಾಸ್ತಿ ಇರೋನು ಅನ್ನಲಿಲ್ಲ! ಗೀಟು ಎಳೆಯೋ ಈ ಲೆಕ್ಕದಲ್ಲೇ ಒಂದು ತೂತಿದೆ ನೋಡಿ. ನಾನು ನನಗಿಂತ ಮೇಲಿನವನ ಗೆಳೆತನ ಹುಡುಕಿಕೊಂಡು ಹೋದೆ ಅಂತಿಟ್ಕೊಳ್ಳಿ. ಅವನೂ ಇದೇ ಭಾಷಣ ಕೇಳಿದ್ರೆ ಅವನ ಹಾಳೆಯಲ್ಲಿ ಮೊದಲ ಗೀಟು ಬೀಳೋದು ನನ್ನ ಹೆಸರಿಗೇ ಅಲ್ವಾ?

ಧಾರವಾಡದ ಕಥೆ ನೋಡಿ. 1922ರಲ್ಲಿ ಬೇಂದ್ರೆಯವರು ಕಟ್ಟಿದ 'ಗೆಳೆಯರ ಗುಂಪು' ಇತ್ತಲ್ಲ, ಅದರ ಒಡನಾಟದಲ್ಲಿ ಇದ್ದವರು ಯಾರು? ಮಾಸ್ತರಿಕೆ ಮಾಡಿಕೊಂಡಿದ್ದ ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ಆಮೇಲೆ 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದ ಜಿ.ಬಿ. ಜೋಶಿ, ಇನ್ನೂ ಎಳೆಯ ಹುಡುಗನಾಗಿದ್ದ ವಿ.ಕೃ. ಗೋಕಾಕ. ಅವತ್ತಿನ ಲೆಕ್ಕಕ್ಕೆ ದೊಡ್ಡ ಸಾಹುಕಾರರಲ್ಲ, ಅಧಿಕಾರಿಗಳೂ ಅಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳುವ, ಕೇಳಿ ವಾದ ಮಾಡುವ, ಪತ್ರಿಕೆ ಪುಸ್ತಕ ಅಂತ ಕೈ ಸುಟ್ಟುಕೊಳ್ಳುವ ಜನ.

1932ರಲ್ಲಿ 'ನರಬಲಿ' ಪದ್ಯಕ್ಕಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಜೈಲಿಗೆ ಹಾಕ್ತು. ಮಾಸ್ತರಿಕೆಯೂ ಹೋಯ್ತು. ಸೊಲ್ಲಾಪುರದ ಕಾಲೇಜಿನಲ್ಲಿ ನೆಲೆಯಾದ ಕೆಲಸ ಸಿಕ್ಕಿದ್ದು 1944ರಲ್ಲಿ. ನಮ್ಮ ಮಹಾಶಯರೇನಾದ್ರೂ ಆಗ ಧಾರವಾಡಕ್ಕೆ ಹೋಗಿ ಹಾಳೆ ಹಂಚಿದ್ರೆ ಬೇಂದ್ರೆ ಹೆಸರಿಗೆ ಒಂದಲ್ಲ ಎರಡು ಗೀಟು! ಜೈಲಿಗೆ ಹೋದವ, ಕೆಲಸ ಕಳಕೊಂಡವ, ಅಂದ್ರೆ 'ನೆಗೆಟಿವ್' ಮನುಷ್ಯ. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಗೋಕಾಕರು ಮಾತ್ರ ಬೇಂದ್ರೆಯವರನ್ನು ಗುರು ಅಂತಲೇ ಕಂಡರು. ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಗೋಕಾಕರಿಗೆ 1990ರದ್ದು. ಪ್ರಶಸ್ತಿ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಕೂಡಿದ ಗುಂಪಾಗಿದ್ರೆ 1932ರಲ್ಲೇ ಚದುರಿ ಹೋಗಿರೋದು.

ಹಾಗಂತ ಮೇಲಿನವರ ಒಡನಾಟದಿಂದ ಲಾಭ ಇಲ್ಲ ಅಂತಲ್ಲ. 2022ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಏಳು ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಗೆಳೆತನಗಳನ್ನ ಜಾಲಾಡಿ 'ನೇಚರ್' ಪತ್ರಿಕೆಯಲ್ಲಿ ಬರೆದ್ರು. ಬಡವರು ಉಳ್ಳವರು ಬೆರೆತು ಗೆಳೆಯರಾಗಿರೋ ಊರುಗಳಲ್ಲಿ ಬೆಳೆದ ಬಡ ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚು ಗಳಿಸ್ತಾರಂತೆ. ಭಾಷಣಕಾರರು ಇದನ್ನೇ ಎತ್ತಿ ಹಿಡಿದು "ನೋಡಿ, ನಾನು ಹೇಳಿರ್ಲಿಲ್ವಾ" ಅನ್ನಬಹುದು. ಆದ್ರೆ ಆ ಉಳ್ಳವರ ಮಕ್ಕಳು ಬಡ ಗೆಳೆಯನ ಹೆಸರಿಗೆ ಗೀಟು ಎಳೆದಿರಲಿಲ್ಲ ಅನ್ನೋದನ್ನ ಮಾತ್ರ ಹೇಳಲ್ಲ.

ಕುಡಿತ, ಜೂಜಿಗೆ ಎಳೆಯೋ ಸಹವಾಸದಿಂದ ದೂರ ಇರಿ ಅಂದ್ರೆ ಒಪ್ತೀನಿ, ಅದನ್ನ ನಮ್ಮಜ್ಜಿಯೂ ಹೇಳ್ತಿದ್ರು, ಫೀಸು ತಗೊಳ್ತಿರ್ಲಿಲ್ಲ. ಕೆಲಸ ಹೋದ ಗೆಳೆಯನ ಫೋನ್ ಎತ್ತಬೇಡಿ ಅನ್ನೋದನ್ನ 'ಬೆಳವಣಿಗೆ' ಅಂತ ಕರೆಯೋದಕ್ಕೆ ಮಾತ್ರ ನನ್ನ ವಿರೋಧ ಇದೆ. ಅದಕ್ಕೆ ಕನ್ನಡದಲ್ಲಿ ಮೊದಲಿಂದ ಬೇರೆ ಹೆಸರೇ ಇದೆ, ನಿಮಗೂ ಗೊತ್ತು.