ಸಿಎಸ್ ಸೀಟು ಮತ್ತು ರೆಕಾರ್ಡ್ ಬುಕ್ಕು

ಸಿಇಟಿ ರ‍್ಯಾಂಕ್ ಬಂದ ವಾರ ನಮ್ಮಲ್ಲಿ ಉಳಿಯುವುದು ಒಂದೇ ಕುಶಲಪ್ರಶ್ನೆ: ‘ಮಗನಿಗೆ ಸಿಎಸ್ ಸಿಕ್ತಾ?’ ಸಿಕ್ಕವರ ಮನೆಯಲ್ಲಿ ಸಿಹಿ, ಸಿಗದವರ ಮನೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕಾಚಾರ. ಆಮೇಲಿನ ನಾಲ್ಕು ವರ್ಷ ಹುಡುಗರು ಓದುವುದೇನು ಎಂದು ವಿಚಾರಿಸುವವರು ಕಡಿಮೆ. ಕಂಪ್ಯೂಟರ್ ಸೈನ್ಸಿನಲ್ಲಿ ಓದಲಿಕ್ಕೇನೋ ರಸವತ್ತಾದ ಸರಕೇ ಇದೆ. ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾಗೆ ಹೊಳೆದದ್ದು 1956ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಫಿ ಕುಡಿಯುತ್ತ ಕೂತಾಗ, ಸುಮಾರು 20 ನಿಮಿಷದಲ್ಲಿ. ಕೈಯಲ್ಲಿ ಕಾಗದವಿಲ್ಲ, ಪೆನ್ಸಿಲ್ಲೂ ಇಲ್ಲ. ಯಂತ್ರಕ್ಕೆ ಎಂದೆಂದಿಗೂ ಬಗೆಹರಿಸಲಾಗದ ಪ್ರಶ್ನೆಗಳಿವೆ ಎಂದು ಗಣಿತಜ್ಞ ಟ್ಯೂರಿಂಗ್ ಸಾಧಿಸಿ ತೋರಿಸಿದ್ದು 1936ರಲ್ಲಿ, ಇಂದಿನಂಥ ಕಂಪ್ಯೂಟರ್ ಹುಟ್ಟುವ ಮುಂಚೆ. ಇಷ್ಟು ಸೊಗಸಾದ ಸಂಗತಿ ನಮ್ಮ ಎಷ್ಟೋ ಕಾಲೇಜುಗಳ ಲ್ಯಾಬಿಗೆ ಬಂದೊಡನೆ ರೆಕಾರ್ಡ್ ಬುಕ್ಕಾಗಿಬಿಡುತ್ತದೆ. ಸೀನಿಯರ್ ಕೊಟ್ಟ ಪ್ರೋಗ್ರಾಮನ್ನು ಮುತ್ತಾದ ಅಕ್ಷರದಲ್ಲಿ ನಕಲು ಮಾಡು, ಔಟ್‌ಪುಟ್ ಅಂಟಿಸು, ಸಹಿ ಹಾಕಿಸು. ಪರೀಕ್ಷೆಗೆ ಅದನ್ನೇ ಬಾಯಿಪಾಠ ಮಾಡು, ಸೆಮಿಕೋಲನ್ ಸಮೇತ! ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ‘ಈ ಲೂಪ್ ಯಾಕಪ್ಪ ಇಲ್ಲಿದೆ?’ ಎಂದರೆ ಹುಡುಗ ಸೀಲಿಂಗ್ ಫ್ಯಾನ್ ನೋಡುತ್ತಾನೆ. ಈಗ ಅದೇ ಪ್ರೋಗ್ರಾಮನ್ನು ಎಐ ಕ್ಷಣದಲ್ಲಿ ಬರೆದುಕೊಡುತ್ತದೆ. ಬಾಯಿಪಾಠಕ್ಕೆ ಇದ್ದ ಅಷ್ಟಿಷ್ಟು ಬೆಲೆಯೂ ಹೋಯಿತು. ತಪ್ಪು ಎಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವುದೇ ಈ ವಿದ್ಯೆಯ ಅರ್ಧಪಾಲು, ಅದಕ್ಕೆ ನಮ್ಮಲ್ಲಿ ಅಂಕವಿಲ್ಲ. ವಿಶ್ವವಿದ್ಯಾಲಯಗಳು ರೆಕಾರ್ಡ್ ಬುಕ್ಕಿನ ಅಂಕವನ್ನು ಕಿತ್ತು, ಕೆಟ್ಟ ಪ್ರೋಗ್ರಾಮೊಂದನ್ನು ಕೈಗಿಟ್ಟು ಸರಿಮಾಡಿಸಿ ಪರೀಕ್ಷಿಸಲಿ. ಮುಂದಿನ ಸೆಮಿಸ್ಟರಿನಿಂದಲೇ ಶುರುಮಾಡಬಹುದು.