ಶಾರ್ಟ್‌ವೇವ್ ರೇಡಿಯೋಗೆ ಆ್ಯಕ್ಟಿವ್ ಆಂಟೆನಾ: ಹೆಚ್ಚುವುದು ಸಿಗ್ನಲ್ಲೋ, ಗದ್ದಲವೋ?

‘ಈ ಪುಟ್ಟ ಆಂಟೆನಾ ಹಾಕಿದರೆ ಸಾಕು, ಮನೆಯೊಳಗೇ ಕೂತು ಇಡೀ ಪ್ರಪಂಚದ ರೇಡಿಯೋ ಕೇಳಬಹುದು’ ಎಂಬ ಧಾಟಿಯ ಜಾಹೀರಾತುಗಳನ್ನು ನೀವೂ ನೋಡಿರಬಹುದು. ರೇಡಿಯೋ ಸಿಲೋನ್, ಬಿಬಿಸಿ ಕೇಳುತ್ತಾ ಬೆಳೆದ ಹಿರಿಯರಿಗೆ ಮಕ್ಕಳು ಪ್ರೀತಿಯಿಂದ ಹೊಸ ಶಾರ್ಟ್‌ವೇವ್ ರೇಡಿಯೋ ತಂದುಕೊಡುತ್ತಾರೆ. ಅದರಲ್ಲಿ ಬರೀ ‘ಸರ್‍ರ್’ ಎಂಬ ಸದ್ದು ಬಂದಾಗ ಮುಂದಿನ ಹೆಜ್ಜೆಯಾಗಿ ಆ್ಯಕ್ಟಿವ್ ಆಂಟೆನಾ ಹುಡುಕುತ್ತಾರೆ. ಕೆಲವರಿಗೆ ಅದರಿಂದ ನಿಜಕ್ಕೂ ಪ್ರಯೋಜನವಾಗುತ್ತದೆ. ಇನ್ನು ಹಲವರಿಗೆ ಸಾವಿರಾರು ರೂಪಾಯಿ ಕೊಟ್ಟ ಮೇಲೆ ಅದೇ ‘ಸರ್‍ರ್’ ಇನ್ನಷ್ಟು ಜೋರಾಗಿ ಕೇಳಿಸುತ್ತದೆ. ಯಾಕೆ ಹೀಗೆ?

ಮೊದಲು ಒಂದು ಸರಳ ಪರೀಕ್ಷೆ. ನೀವು ಹುಡುಕುತ್ತಿರುವ ಸ್ಟೇಷನ್ ಈಗಲೂ ಪ್ರಸಾರವಾಗುತ್ತಿದೆಯೇ? ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತುಹೋಯಿತು. ನಿಂತುಹೋದ ಸ್ಟೇಷನ್ನನ್ನು ಯಾವ ಆಂಟೆನಾವೂ ಹಿಡಿದುಕೊಡದು. ಇದ್ದರೂ ಹೊತ್ತು ಮುಖ್ಯ. ಶಾರ್ಟ್‌ವೇವ್ ಅಂದರೆ 3ರಿಂದ 30 ಮೆಗಾಹರ್ಟ್ಸ್. ಈ ತರಂಗಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳುವುದರಿಂದ ದೂರ ತಲುಪುತ್ತವೆ. ಹಗಲಿನಲ್ಲಿ ಆ ಗೋಳದ ಕೆಳಪದರ ಕಡಿಮೆ ಆವರ್ತನದ ತರಂಗಗಳನ್ನು ಹೀರಿಕೊಳ್ಳುತ್ತದೆ, ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಹಾಗಾಗಿ 6 ಮೆಗಾಹರ್ಟ್ಸ್ ಆಸುಪಾಸಿನ ದೂರದ ಸ್ಟೇಷನ್ನನ್ನು ಮಧ್ಯಾಹ್ನ ಹುಡುಕಿ ಆಂಟೆನಾವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಹಗಲು ಹೊತ್ತಿನಲ್ಲಿ 15 ಮೆಗಾಹರ್ಟ್ಸ್ ಕಡೆ ತಿರುಗಿಸಿ ನೋಡಿ.

ಆ್ಯಕ್ಟಿವ್ ಆಂಟೆನಾದೊಳಗೆ ಏನಿದೆ?

ಹೆಸರು ಕೇಳಿದರೆ ಆಕಾಶದಿಂದ ಹೆಚ್ಚು ಸಿಗ್ನಲ್ ಎಳೆದು ತರುವ ಯಂತ್ರದಂತೆ ಅನ್ನಿಸುತ್ತದೆ. ನಿಜದಲ್ಲಿ ಅದು ಚಿಕ್ಕದೊಂದು ಕಡ್ಡಿ ಅಥವಾ ಉಂಗುರ, ಅದರ ಬುಡದಲ್ಲೇ ಒಂದು ಆಂಪ್ಲಿಫೈಯರ್, ಅಷ್ಟೆ. ಅದಕ್ಕೆ ಬೇಕಾದ ಕರೆಂಟ್ ಸಾಮಾನ್ಯವಾಗಿ ಸಿಗ್ನಲ್ ಬರುವ ಕೇಬಲ್ಲಿನಲ್ಲೇ ಮೇಲಕ್ಕೆ ಹೋಗುತ್ತದೆ.

ಚಿಕ್ಕ ಕಡ್ಡಿಗೆ ಆಂಪ್ಲಿಫೈಯರ್ ಯಾಕೆ ಬೇಕು ಎನ್ನುವುದು ಸ್ವಾರಸ್ಯದ ವಿಷಯ. ಒಂದು ಮೀಟರ್ ಉದ್ದದ ಕಡ್ಡಿ ಶಾರ್ಟ್‌ವೇವ್‌ನಲ್ಲಿ ಸುಮಾರು 10 ಪೈಕೋಫ್ಯಾರಡ್ ಕೆಪಾಸಿಟರಿನಂತೆ ವರ್ತಿಸುತ್ತದೆ. 5 ಮೆಗಾಹರ್ಟ್ಸ್‌ನಲ್ಲಿ ಇದರ ಅಡ್ಡಿ ಸುಮಾರು 3,000 ಓಮ್. ರೇಡಿಯೋದ ಹೊರ ಆಂಟೆನಾ ಸಾಕೆಟ್ ಬಹಳಷ್ಟು ಸಲ 50 ಓಮ್‌ನದು. ನೇರವಾಗಿ ಜೋಡಿಸಿದರೆ ಕಡ್ಡಿಯಲ್ಲಿ ಹುಟ್ಟಿದ ವೋಲ್ಟೇಜಿನ ಅರವತ್ತರಲ್ಲಿ ಒಂದು ಪಾಲಷ್ಟೇ ರೇಡಿಯೋಗೆ ಸಿಗುತ್ತದೆ. ನಡುವೆ ಒಂದು ಎಫ್‌ಇಟಿ ಟ್ರಾನ್ಸಿಸ್ಟರ್ ಇಟ್ಟರೆ ಅದು ಕಡ್ಡಿಗೆ ಭಾರವಾಗದೆ ಆ ವೋಲ್ಟೇಜನ್ನು ಹೆಚ್ಚುಕಡಿಮೆ ಹಾಗೇ ದಾಟಿಸುತ್ತದೆ. ಅಂದರೆ ಇಂಥ ಎಷ್ಟೋ ಆಂಟೆನಾಗಳು ವೋಲ್ಟೇಜನ್ನು ಹೆಚ್ಚಿಸುವುದೇ ಇಲ್ಲ, ಸೋರಿಹೋಗದಂತೆ ನೋಡಿಕೊಳ್ಳುತ್ತವೆ. ‘20 ಡೆಸಿಬಲ್ ಗೇನ್’, ‘30 ಡೆಸಿಬಲ್ ಗೇನ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದನ್ನೇ ಗುಣಮಟ್ಟ ಎಂದುಕೊಳ್ಳಬೇಡಿ.

ಈ ತತ್ತ್ವಕ್ಕೆ ಒಳ್ಳೆಯ ಉದಾಹರಣೆ ನೆದರ್ಲೆಂಡ್ಸ್‌ನ ರೂಲೋಫ್ ಬಕ್ಕರ್ ರೂಪಿಸಿದ ‘ಮಿನಿ ವಿಪ್’. ಕೈಯೊಳಗೆ ಹಿಡಿಯುವಷ್ಟು ಚಿಕ್ಕ ತಾಮ್ರದ ಹಲಗೆಯೇ ಅದರ ಆಂಟೆನಾ. ಅದೇ ದೇಶದ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ ಎಂಬ ರಿಸೀವರ್ ಇಂಥ ಮಿನಿ ವಿಪ್ಪನ್ನೇ ಬಳಸುತ್ತದೆ. ನಿಮ್ಮ ಮೊಬೈಲಿನ ಬ್ರೌಸರಿನಲ್ಲೇ ಅದನ್ನು ತೆರೆದು, ಬೇಕಾದ ಆವರ್ತನಕ್ಕೆ ತಿರುಗಿಸಿ, ಪುಕ್ಕಟೆಯಾಗಿ ಕೇಳಬಹುದು. ಅಲ್ಲಿ ಕೇಳಿಸುವುದು ಯುರೋಪಿಗೆ ಬಂದ ಸಿಗ್ನಲ್, ನಮ್ಮೂರಿಗೆ ಬಂದದ್ದಲ್ಲ ಎಂಬುದು ನೆನಪಿರಲಿ. ಕಿವಿಎಸ್‌ಡಿಆರ್ ಎಂಬ ಇನ್ನೊಂದು ಜಾಲದಲ್ಲಿ ಬೇರೆಬೇರೆ ದೇಶಗಳ ರಿಸೀವರ್‌ಗಳು ಸಿಗುತ್ತವೆ. ಸ್ಟೇಷನ್ ಪ್ರಸಾರದಲ್ಲಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆ ಚಿಕ್ಕ ಹಲಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಅದನ್ನು ಇಟ್ಟ ಜಾಗವೂ ಕಾರಣ. ಕಟ್ಟಡದ ಛಾವಣಿಯ ಮೇಲೆ, ಗದ್ದಲದಿಂದ ದೂರದಲ್ಲಿದೆ. ಅದನ್ನೇ ಟಿವಿಯ ಪಕ್ಕ ಇಟ್ಟರೆ ಕತೆಯೇ ಬೇರೆ.

ಗದ್ದಲ ಎಲ್ಲಿಂದ ಬರುತ್ತದೆ?

ಶಾರ್ಟ್‌ವೇವ್‌ನಲ್ಲಿ, ಅದರಲ್ಲೂ 20 ಮೆಗಾಹರ್ಟ್ಸ್‌ಗಿಂತ ಕೆಳಗೆ, ಕೇಳುವುದಕ್ಕೆ ಅಡ್ಡಿ ರೇಡಿಯೋದ ದುರ್ಬಲತೆಯಲ್ಲ, ಹೊರಗಿನ ಗದ್ದಲ. ದೂರದ ಸಿಡಿಲುಗಳದ್ದು ಒಂದು ಪಾಲು. ಊರಿನಲ್ಲಿ ದೊಡ್ಡ ಪಾಲು ನಮ್ಮ ಮನೆಗಳದ್ದೇ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಸೋಲಾರ್ ಇನ್ವರ್ಟರ್. ಇವುಗಳೊಳಗಿನ ಸ್ವಿಚಿಂಗ್ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಕಡಿತದ ಸದ್ದು ವೈರಿಂಗಿನ ತುಂಬ ಹರಡುತ್ತದೆ. ಬೀದಿಗೆ ಬೀದಿಯೇ ಕರೆಂಟ್ ಹೋದಾಗ ರೇಡಿಯೋಗೆ ಇದ್ದಕ್ಕಿದ್ದಂತೆ ಜೀವ ಬರುವುದನ್ನು ಹಳೆಯ ಕೇಳುಗರು ಗಮನಿಸಿರುತ್ತಾರೆ.

ಆಂಪ್ಲಿಫೈಯರಿಗೆ ಸ್ಟೇಷನ್ ಯಾವುದು, ಚಾರ್ಜರ್ ಯಾವುದು ಎಂಬ ವ್ಯತ್ಯಾಸ ತಿಳಿಯದು. ಎರಡನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಅದರ ಮೇಲೆ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಮೀಟರಿನ ಮುಳ್ಳು ಏರಿದ್ದನ್ನು ನೋಡಿ ವಿಡಿಯೋ ಮಾಡುವವರು ಈ ಮಾತನ್ನು ಹೇಳುವುದಿಲ್ಲ. ನೋಡಬೇಕಾದದ್ದು ಮುಳ್ಳನ್ನಲ್ಲ, ಗದ್ದಲಕ್ಕಿಂತ ಮಾತು ಎಷ್ಟು ಮೇಲಿದೆ ಎಂಬುದನ್ನು.

ಹಣ ಕೊಡುವ ಮೊದಲು ಮನೆಯಲ್ಲೇ ಹೀಗೆ ಮಾಡಿ. ಸಂಜೆ ಹೊತ್ತು, ಸ್ಟೇಷನ್ ಇಲ್ಲದ ಒಂದು ಆವರ್ತನಕ್ಕೆ ರೇಡಿಯೋ ತಿರುಗಿಸಿ, ಕಡ್ಡಿ ಮಡಚಿ ಕೇಳಿ. ನಂತರ ಪೂರ್ತಿ ಎಳೆದು ಕೇಳಿ. ಎಳೆದಾಗ ಸದ್ದು ಸ್ಪಷ್ಟವಾಗಿ ಜೋರಾದರೆ ಹೊರಗಿನ ಗದ್ದಲ ಆಗಲೇ ರೇಡಿಯೋದ ಒಳಗಿನ ಗದ್ದಲವನ್ನು ಮೀರಿದೆ ಎಂದರ್ಥ. ಅದೇ ಜಾಗದಲ್ಲಿ ಇನ್ನಷ್ಟು ವರ್ಧನೆ ಸೇರಿಸಿ ಲಾಭವಿಲ್ಲ, ಆಂಟೆನಾದ ಜಾಗ ಬದಲಾಗಬೇಕು. ಆಮೇಲೆ ರೇಡಿಯೋವನ್ನು ಬ್ಯಾಟರಿಯಲ್ಲಿ ಇಟ್ಟುಕೊಂಡು ಮನೆಯ ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಅನ್ನೂ ಆರಿಸಲು ಮರೆಯಬೇಡಿ, ಇಲ್ಲದಿದ್ದರೆ ಅದೇ ಗುಂಯ್‌ಗುಡುತ್ತಿರುತ್ತದೆ. ಗದ್ದಲ ಇಳಿದರೆ ಕಳ್ಳ ನಿಮ್ಮ ಮನೆಯಲ್ಲೇ ಇದ್ದಾನೆ. ಒಂದೊಂದೇ ಪ್ಲಗ್ ಹಾಕುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ಒಂದು ಕೆಟ್ಟ ಚಾರ್ಜರ್ ಬದಲಿಸುವುದು ಯಾವ ಆಂಟೆನಾಗಿಂತಲೂ ಅಗ್ಗ.

ಕಡ್ಡಿಯೋ, ಉಂಗುರವೋ?

ಇಷ್ಟಾದ ಮೇಲೂ ಬೇಕು ಎನ್ನಿಸಿದರೆ ಆಯ್ಕೆ ಮುಖ್ಯವಾಗಿ ಎರಡು. ಕಡ್ಡಿ ರೂಪದ್ದು ಎತ್ತರದಲ್ಲಿ, ಗೋಡೆ ಮತ್ತು ವೈರಿಂಗಿನಿಂದ ದೂರ ಇದ್ದರಷ್ಟೇ ಚೆನ್ನ. ತೋಟದ ಮನೆ, ಸ್ವಂತ ತಾರಸಿ ಇರುವವರಿಗೆ ಸರಿ. ಉಂಗುರದ, ಅಂದರೆ ಲೂಪ್ ಆಂಟೆನಾ, ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲಿದ್ದರೂ ಕೆಲಸ ಮಾಡುತ್ತದೆ. ಲೂಪ್‌ಗೆ ಗದ್ದಲವೇ ತಟ್ಟದು ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಅದರ ನಿಜವಾದ ಶಕ್ತಿ ಬೇರೆ: ಉಂಗುರದ ಬಾಯಿ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನಿಂದ ನೆಲಮಟ್ಟದಲ್ಲಿ ಬರುವುದು ಅದಕ್ಕೆ ಬಹಳ ಕಡಿಮೆ ಕೇಳಿಸುತ್ತದೆ. ಪಕ್ಕದ ಮನೆಯ ಇನ್ವರ್ಟರ್ ಕಡೆಗೆ ಬಾಯಿ ತಿರುಗಿಸಿದರೆ ಅದರ ಸದ್ದು ಅಡಗುತ್ತದೆ. ದೂರದ ಸ್ಟೇಷನ್ ಆಕಾಶದಿಂದ ಓರೆಯಾಗಿ ಇಳಿಯುವುದರಿಂದ ಅದು ಅಷ್ಟಾಗಿ ಅಡಗುವುದಿಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿಯವರಿಗೆ ನನ್ನ ಮತ ಇದಕ್ಕೇ. ಕಬ್ಬಿಣದ ಗ್ರಿಲ್‌ಗೆ ಅಂಟಿಸಿ ಕಟ್ಟದೆ, ತಿರುಗಿಸಲು ಬರುವಂತೆ ನಿಲ್ಲಿಸಿ.

ದೊಡ್ಡ ಮೀಡಿಯಂವೇವ್ ಟ್ರಾನ್ಸ್‌ಮಿಟರ್ ಹತ್ತಿರವಿರುವವರು ಇನ್ನೊಂದು ವಿಷಯ ಗಮನಿಸಬೇಕು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಇಂಥ ಪ್ರಬಲ ಕೇಂದ್ರಗಳು. ಅಗ್ಗದ ಆಂಪ್ಲಿಫೈಯರ್ ಇಂಥ ಸಿಗ್ನಲ್ ತಡೆಯಲಾರದೆ ಉಸಿರುಗಟ್ಟಿದಾಗ, ಇಲ್ಲದ ಆವರ್ತನಗಳಲ್ಲೆಲ್ಲ ಸ್ಥಳೀಯ ಕಾರ್ಯಕ್ರಮ ಕೇಳಿಸುತ್ತದೆ. ‘ಎಷ್ಟೊಂದು ಸ್ಟೇಷನ್ ಬರುತ್ತಿವೆ’ ಎಂದು ಹಿಗ್ಗುವಂತಿಲ್ಲ, ಅವೆಲ್ಲ ನೆರಳುಗಳು. ಇದನ್ನು ತಡೆಯುವ ಸಾಮರ್ಥ್ಯವನ್ನು ಐಪಿ2, ಐಪಿ3 ಎಂಬ ಅಂಕಿಗಳು ಹೇಳುತ್ತವೆ. ಹೆಚ್ಚಿದ್ದಷ್ಟೂ ಒಳ್ಳೆಯದು. ತಯಾರಕರು ಆ ಅಂಕಿಗಳನ್ನೇ ಕೊಡದೆ ಗೇನ್ ಮಾತ್ರ ಹೇಳಿದ್ದರೆ ಅನುಮಾನಿಸಿ.

ವಿದ್ಯುತ್ ಎಲ್ಲಿಂದ ಕೊಡುತ್ತೀರಿ ಎಂಬುದೂ ಮುಖ್ಯ. ಮೊಬೈಲ್ ಚಾರ್ಜರಿನಿಂದ ಕೊಟ್ಟರೆ ಗದ್ದಲವನ್ನು ನೇರ ಆಂಟೆನಾಗೇ ಉಣಿಸಿದಂತೆ. ಪವರ್ ಬ್ಯಾಂಕ್ ಸುರಕ್ಷಿತ ಎನ್ನುವವರಿದ್ದಾರೆ, ಆದರೆ ಅದರೊಳಗೂ ವೋಲ್ಟೇಜ್ ಏರಿಸುವ ಸ್ವಿಚಿಂಗ್ ಸರ್ಕ್ಯೂಟ್ ಇರುತ್ತದೆ. 12 ವೋಲ್ಟ್ ಆಂಟೆನಾಗೆ ಚಾರ್ಜರ್ ಕಳಚಿದ ಚಿಕ್ಕ ಬ್ಯಾಟರಿಯೇ ಉತ್ತಮ.

ಇನ್ನು ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರು ಎತ್ತುವ ಪ್ರಶ್ನೆ: ‘ಇದರಿಂದ ರೇಡಿಯೇಷನ್ ಬರುವುದಿಲ್ಲವೇ?’ ಇಲ್ಲ. ಇದು ಕೇಳುವ ಆಂಟೆನಾ, ಪ್ರಸಾರ ಮಾಡುವುದಲ್ಲ. ಆಂಪ್ಲಿಫೈಯರಿನ ದಿಕ್ಕು ರೇಡಿಯೋ ಕಡೆಗಿದೆ, ಹೊರಕ್ಕಲ್ಲ.

ಅಪಾಯ ಇರುವುದು ಬೇರೆ ಕಡೆ. ತಾರಸಿಯಲ್ಲಿ ಕಂಬ ಎತ್ತುವಾಗ ವಿದ್ಯುತ್ ತಂತಿ ಹತ್ತಿರವಿದ್ದರೆ ಆ ಕೆಲಸಕ್ಕೇ ಹೋಗಬೇಡಿ. ಲೋಹದ ಕಂಬ ತಾಗಿದರೆ ಪ್ರಾಣ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ದೂರದ ಸಿಡಿಲಿಗೂ ಎಫ್‌ಇಟಿ ಸುಟ್ಟುಹೋಗಬಹುದು. ಗುಡುಗು ಕೇಳಿಸುವ ಮೊದಲೇ, ಮೋಡ ಕಟ್ಟಿದಾಗಲೇ ಕೇಬಲ್ ಕಳಚಿ ಮನೆಯ ಹೊರಗೇ ಬಿಡಿ. ಗುಡುಗುತ್ತಿರುವಾಗ ಅದನ್ನು ಮುಟ್ಟಲು ಹೋಗಬೇಡಿ.

ಹಳ್ಳಿಯಲ್ಲಿರುವವರು ಇದ್ಯಾವುದನ್ನೂ ಕೊಳ್ಳುವ ಮೊದಲು ಹತ್ತು ಮೀಟರ್ ಇನ್ಸುಲೇಟೆಡ್ ತಾಮ್ರದ ತಂತಿ ತಂದು, ಕಿಟಕಿಯಿಂದ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕ್ಲಿಪ್‌ನಲ್ಲಿ ರೇಡಿಯೋದ ಕಡ್ಡಿಗೆ ಸಿಕ್ಕಿಸಿ ನೋಡಿ. ತಂತಿ ಕರೆಂಟ್ ಲೈನಿನ ಮೇಲಾಗಲಿ ಕೆಳಗಾಗಲಿ ಹಾಯಬಾರದು. ಸದ್ದು ಅತಿಯಾಗಿ, ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದರೆ ರೇಡಿಯೋದಲ್ಲಿರುವ ‘ಲೋಕಲ್/ಡಿಎಕ್ಸ್’ ಸ್ವಿಚ್ಚನ್ನು ಲೋಕಲ್‌ಗೆ ತಳ್ಳಿ, ಇಲ್ಲವೇ ತಂತಿಯನ್ನು ಐದು ಮೀಟರಿಗೆ ಇಳಿಸಿ.